ಹಳೇ ಮನೆ, ಹೊಸ ಬೈಪಾಸ್: ಯಾವ ಕಚೇರಿಗೆ, ಯಾವ ಹಂತದಲ್ಲಿ, ಏನು ಬರೆಯಬೇಕು

ಬೈಪಾಸ್ ಆಗಿಬಿಟ್ಟರೆ ಪೇಟೆಯ ಹಳೇ ಮನೆಗಳಿಗೆ ಇನ್ನೇನೂ ಭಯವಿಲ್ಲ ಎಂದು ನಂಬಿ ಕೂತವರು ಬಹಳ ಮಂದಿ. ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು ಊರ ಹೊರಗಿನಿಂದಲೇ ಹೋಗತೊಡಗಿ ಎಷ್ಟೋ ವರ್ಷವಾಯಿತು. ಪೇಟೆ ರಸ್ತೆ ಅಗಲ ಮಾಡುವ ಮಾತು ಮಾತ್ರ ನಿಂತಿಲ್ಲ. ಬೈಪಾಸಿನ ನಕ್ಷೆ ಬರೆಯುವವರು ಒಬ್ಬರು, ಪೇಟೆ ರಸ್ತೆಯ ಅಗಲ ನಿಗದಿ ಮಾಡುವವರು ಇನ್ನೊಬ್ಬರು, ಮನೆಗೆ ಪರಂಪರೆಯ ಮುದ್ರೆ ಒತ್ತುವವರು ಮತ್ತೊಬ್ಬರು. ಈ ಮೂರು ಕಡತಗಳು ತಾವಾಗಿ ಒಂದೇ ಮೇಜಿಗೆ ಬರುವುದಿಲ್ಲ, ಊರಿನವರೇ ತರಿಸಬೇಕು. ಅದಕ್ಕೆ ದಿನ ಎಣಿಸಿ ಇಟ್ಟ ಗಡುವುಗಳಿವೆ. ಗಡುವು ದಾಟಿದ ಮೇಲೆ ಎಷ್ಟೇ ನ್ಯಾಯವಾದ ತಕರಾರಾದರೂ ಕಡತದಲ್ಲಿ ಒಂದು ಹಾಳೆ, ಅಷ್ಟೆ.

ಮನೆ ಯಾವ ಪಟ್ಟಿಯಲ್ಲಿದೆ

ಮನೆಗೆ ನೂರೈವತ್ತು ವರ್ಷವಾಗಿದೆ ಎಂದ ಮಾತ್ರಕ್ಕೆ ಸರ್ಕಾರಕ್ಕೆ ಯಾವ ಹೊಣೆಯೂ ಬರುವುದಿಲ್ಲ. ಹೊಣೆ ಬರುವುದು ಘೋಷಣೆ ಆದಮೇಲೆ. ಘೋಷಣೆ ಮಾಡುವ ಕಡೆಗಳು ಮೂರು.

ಮೊದಲನೆಯದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, 1958ರ ಕೇಂದ್ರ ಕಾಯ್ದೆಯ ಅಡಿ. ನಮ್ಮ ಕಡೆ ಚಿತ್ರದುರ್ಗದ ಕೋಟೆ, ಹರಿಹರದ ಹರಿಹರೇಶ್ವರ ದೇವಸ್ಥಾನ, ಸಂತೆಬೆನ್ನೂರಿನ ಹೊಂಡ ಮತ್ತು ಮುಸಾಫಿರ್‌ಖಾನೆ ಇದರಲ್ಲಿವೆ. ಜನ ಸಂಸಾರ ಮಾಡುತ್ತಿರುವ ಮನೆ ಈ ಪಟ್ಟಿಗೆ ಹೋಗುವುದು ತೀರಾ ಅಪರೂಪ, ಆ ಆಸೆ ಇಟ್ಟುಕೊಳ್ಳಬೇಡಿ.

ಎರಡನೆಯದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, 1961ರ ರಾಜ್ಯ ಕಾಯ್ದೆಯ ಅಡಿ. ಆಯುಕ್ತರ ಕಚೇರಿ ಮೈಸೂರಿನಲ್ಲಿದೆ. ಚಿತ್ರದುರ್ಗದವರಿಗೆ ಹತ್ತಿರದ ಬಾಗಿಲೆಂದರೆ ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯ. ಇಲ್ಲಿ ಕನಿಷ್ಠ ನೂರು ವರ್ಷ ಹಳೆಯದೆಂದು ತೋರಿಸಬೇಕು. ಸರ್ಕಾರ ಮೊದಲು ಉದ್ದೇಶ ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಘೋಷಿಸುತ್ತದೆ. ಘೋಷಣೆಯಾದರೆ ಮನೆ ಸರ್ಕಾರದ್ದಾಗುತ್ತದೆ ಎಂಬ ಹೆದರಿಕೆ ಮಾಲೀಕರಲ್ಲಿದೆ. ಹಾಗಲ್ಲ, ಮಾಲೀಕತ್ವ ಉಳಿಸಿಕೊಂಡೇ ಇಲಾಖೆಯ ಜತೆ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಗೋಡೆ ಒಡೆಯಲು, ಮಾರಲು, ಹೊಸ ಮಹಡಿ ಎತ್ತಲು ನಿರ್ಬಂಧ ಬರುತ್ತದೆ. ಅದನ್ನು ಮುಚ್ಚಿಟ್ಟು ಮಾಲೀಕರ ಸಹಿ ಹಾಕಿಸಿದರೆ, ಆಕ್ಷೇಪಣೆಯ ಹಂತದಲ್ಲಿ ಅವರೇ ಎದುರು ನಿಲ್ಲುತ್ತಾರೆ.

ಮೂರನೆಯದೇ ಮನೆಗಳಿಗೆ ಹೆಚ್ಚು ಹೊಂದುವುದು: ಯೋಜನಾ ಪ್ರಾಧಿಕಾರ. ಇಲ್ಲಿ ಚಿತ್ರದುರ್ಗ ನಗರಾಭಿವೃದ್ಧಿ ಪ್ರಾಧಿಕಾರ, ಅಲ್ಲಿ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ‘ದೂಡಾ’. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಲ್ಲಿ ‘ಪಾರಂಪರಿಕ ಕಟ್ಟಡ’, ‘ಪಾರಂಪರಿಕ ಪ್ರದೇಶ’ ಎರಡಕ್ಕೂ ವ್ಯಾಖ್ಯೆಯಿದೆ. ವಾಸ್ತು, ಸೌಂದರ್ಯ, ಚರಿತ್ರೆ, ಸಂಸ್ಕೃತಿ ಇವುಗಳ ಮೌಲ್ಯವಿದ್ದು ಪ್ರಾಧಿಕಾರ ಘೋಷಿಸಿದರೆ ಸಾಕು. ನೂರು ವರ್ಷದ ಷರತ್ತಿಲ್ಲ. ಒಂದು ಬೀದಿಯನ್ನೇ ಪಾರಂಪರಿಕ ಪ್ರದೇಶವೆಂದು ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಗುರುತಿಸಬಹುದು. ದೊಡ್ಡಪೇಟೆ, ಚಿಕ್ಕಪೇಟೆಯಂಥ ಕಡೆ ಒಂಟಿ ಮನೆಗೆ ಅರ್ಜಿ ಹಾಕುವುದಕ್ಕಿಂತ ಇದೇ ದಾರಿ ಜಾಣತನದ್ದು.

ಸರ್ಕಾರವೇ ಕೊಂಡುಕೊಳ್ಳಲಿ ಎಂಬ ಬೇಡಿಕೆಯೂ ಆಗಾಗ ಕೇಳುತ್ತದೆ. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಚಿತ್ರದುರ್ಗದ ಮನೆಯನ್ನು ಸ್ಮಾರಕ ಮಾಡುವ ವಿಷಯವೇ ಎಷ್ಟು ವರ್ಷ ಎಳೆಯಿತು ಎಂಬುದು ಊರಿಗೆಲ್ಲ ಗೊತ್ತು. ಅಷ್ಟು ದೊಡ್ಡ ಹೆಸರಿನ ಮನೆಗೇ ಹಾಗಾದರೆ ಉಳಿದವರು ಈ ದಾರಿಯನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು. ಹಾಗೊಮ್ಮೆ ಹೋಗುವುದಿದ್ದರೆ ವಂಶವೃಕ್ಷ, ವಿಭಾಗಪತ್ರ, ಎಲ್ಲ ವಾರಸುದಾರರ ಒಪ್ಪಿಗೆ ಮೊದಲು ಸರಿಪಡಿಸಿಕೊಳ್ಳಿ. ಮಂಜೂರಾದ ಹಣವಿದ್ದರೂ ಹಕ್ಕುಪತ್ರ ಸರಿಯಿಲ್ಲದಿದ್ದರೆ ನೋಂದಣಿ ಆಗದು.

ದಾಖಲೆ ಕಟ್ಟುವ ಬಗೆ

ಪಟ್ಟಿಗೆ ಸೇರಿಸುವ ಅರ್ಜಿಯಾಗಲಿ, ಬೈಪಾಸ್ ತಕರಾರಾಗಲಿ, ಪರಿಹಾರದ ವಾದವಾಗಲಿ, ಎಲ್ಲಕ್ಕೂ ಒಂದೇ ದಾಖಲೆ ಕಟ್ಟು ಸಾಕು. ಮೂರು ಪ್ರತಿ ಮಾಡಿಸಿ: ಕಚೇರಿಗೆ ಒಂದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲು ಒಂದು, ಮನೆಗೆ ಒಂದು.

ವಯಸ್ಸಿಗೆ ಸಾಕ್ಷಿ ಬೇಕು. ಹಳೇ ಕ್ರಯಪತ್ರ, ನಗರಸಭೆಯ ತೆರಿಗೆ ರಿಜಿಸ್ಟರಿನ ನಕಲು, ಸಿಟಿ ಸರ್ವೆ ನಕ್ಷೆ, ಬಾಗಿಲ ಮೇಲಿನ ಬರಹ, ಇವುಗಳಲ್ಲಿ ಎರಡಾದರೂ ಇರಲಿ. ‘ಅಜ್ಜನ ಕಾಲದ್ದು’ ಎಂಬ ಅಫಿಡವಿಟ್ ಒಂದೇ ಇದ್ದರೆ ನಿಲ್ಲದು. ಖಾತೆ ನಕಲು, ಋಣಭಾರ ಪತ್ರ ಜತೆಗಿಡಿ.

ಆಮೇಲೆ ಅಳತೆ ನಕ್ಷೆ. 1:100ರ ಪ್ರಮಾಣದಲ್ಲಿ ನೆಲದ ನಕ್ಷೆ, 1:50ರಲ್ಲಿ ಬೀದಿ ಮುಖ ಮತ್ತು ಒಂದು ಅಡ್ಡಛೇದ. ಎಷ್ಟು ಅಂಕಣ (ಕಂಬಗಳ ನಡುವಿನ ಜಾಗ), ಗೋಡೆಯ ದಪ್ಪ ಎಷ್ಟು, ಕಂಬ-ತೊಲೆ-ಜಂತೆ ಯಾವ ಮರದ್ದು, ಕಂಬದ ತಲೆಯ ಬೋದಿಗೆಯಲ್ಲಿ ಕೆತ್ತನೆ ಇದೆಯೇ, ಮಾಳಿಗೆಗೆ ಚೌಳು ಮಣ್ಣು ಹಾಕಿದೆಯೇ, ಬೆಳಕಿಂಡಿ ಎಲ್ಲಿ, ಪಡಸಾಲೆ ಎಷ್ಟು ಅಡಿ, ಎಲ್ಲವನ್ನೂ ಬರೆಯಬೇಕು. ಫೋಟೊದಲ್ಲಿ ಅಳತೆ ಪಟ್ಟಿ ಕಾಣಲಿ. ಕೊನೆಗೆ ಒಂದೇ ಪುಟದಲ್ಲಿ ಈ ಮನೆ ಯಾಕೆ ಮುಖ್ಯ ಎಂಬ ಟಿಪ್ಪಣಿ. ಹೊಗಳಿಕೆ ಬೇಡ, ‘ಈ ಬೀದಿಯಲ್ಲಿ ಕಲ್ಲುಕಂಬದ ಜಗಲಿ ಉಳಿದಿರುವುದು ಈ ಸಾಲಿನಲ್ಲಿ ಮಾತ್ರ’ ಎಂಬಂಥ, ಬಂದು ನೋಡಿದರೆ ಸಿಗುವ ಮಾತು ಬರೆಯಿರಿ.

ರಸ್ತೆಗಿಂತ ಮೊದಲೇ ಮನೆಯನ್ನು ನುಂಗುವುದು ಶಿಥಿಲ ಕಟ್ಟಡದ ನೋಟಿಸು. ಗೋಡೆ ಉಬ್ಬಿದೆ, ಮಾಳಿಗೆ ಸೋರುತ್ತದೆ ಎಂದು ನಗರಸಭೆ ಬರೆದರೆ ಪಾರಂಪರಿಕ ಅರ್ಜಿ ಅರ್ಧ ಬಿದ್ದಂತೆ. ಸ್ಟ್ರಕ್ಚರಲ್ ಎಂಜಿನಿಯರ್ ವರದಿ ಜೋಡಿಸಿ ಉತ್ತರ ಕೊಡಿ, ಊರೆ ಕಂಬ ಕೊಟ್ಟು ಫೋಟೊ ಲಗತ್ತಿಸಿ. ರಿಪೇರಿಯಲ್ಲಿ ಆಗುವ ದೊಡ್ಡ ಅನಾಹುತ ಸಿಮೆಂಟಿನಿಂದ. ಮಣ್ಣು-ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಬಳಿದರೆ ಒಳಗಿನ ತೇವ ಹೊರಬರಲಾರದೆ ಬುಡ ಕರಗುತ್ತದೆ. ಸೋರುವ ಮಾಳಿಗೆ ಮೇಲೆ 4 ಇಂಚು ಕಾಂಕ್ರೀಟ್ ಸುರಿದರೆ ಚದರ ಮೀಟರಿಗೆ ಸುಮಾರು 240 ಕಿಲೊ ಭಾರ ಹೆಚ್ಚುತ್ತದೆ, ಜಂತೆ ಬಾಗುತ್ತದೆ. ಅರಳಿಸಿ ಎರಡು ಮೂರು ವಾರ ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಒಂದು ವರಸೆಗೆ 12 ಮಿ.ಮೀ. ಮೀರದಂತೆ ಗಾರೆ ಮಾಡಿ, ಕನಿಷ್ಠ ಒಂದು ವಾರ ಒದ್ದೆಯಾಗಿಡಿ.

ಕೋಟೆಯ ಬುಡದ ಬೀದಿಗಳು

ಕೋಟೆಯ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅಳತೆ ಹಿಡಿಯುವುದು ಕಣ್ಣಿಗೆ ಕಾಣುವ ಗೋಡೆಯಿಂದ ಅಲ್ಲ, ನಕ್ಷೆಯ ಗಡಿಯಿಂದ. ಆದ್ದರಿಂದ ಮೊದಲು ಪುರಾತತ್ವ ಸರ್ವೇಕ್ಷಣದ ಕಚೇರಿಯಲ್ಲಿ ಗಡಿ ನಕ್ಷೆ ನೋಡಿ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಇಲ್ಲ, ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ರಿಪೇರಿಗೆ ಅರ್ಜಿ ಹಾಕಬಹುದು. ಅರ್ಜಿ ಸಕ್ಷಮ ಪ್ರಾಧಿಕಾರಿಗೆ. ಅವರು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಕೊಡಬೇಕು, ಅದಾದ ಒಂದು ತಿಂಗಳಲ್ಲಿ ಆದೇಶ. ಅಂದರೆ ಮಳೆಗಾಲಕ್ಕೆ ಮಾಳಿಗೆ ಸರಿಯಾಗಬೇಕಿದ್ದರೆ ಸಂಕ್ರಾಂತಿಗೇ ಅರ್ಜಿ ಹೋಗಿರಬೇಕು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ.

ಇದೇ ನಿಯಮ ಬೈಪಾಸ್ ತಕರಾರಿನಲ್ಲಿ ಕೈಗೆ ಬರುತ್ತದೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಆ 100 ಮೀಟರಿನಲ್ಲಿ ಸಾರ್ವಜನಿಕ ಕಾಮಗಾರಿಗೂ ಅನುಮತಿ ಕೊಡುವಂತಿಲ್ಲ. ಬೈಪಾಸಿನ ಗೆರೆ ಯಾವುದೇ ಕೇಂದ್ರ ಸಂರಕ್ಷಿತ ಸ್ಮಾರಕದ ಈ ವೃತ್ತದೊಳಗೆ ಬಂದಿದ್ದರೆ ಬೇರೆ ವಾದವೇ ಬೇಡ, ಅಳತೆ ತೋರಿಸಿದರೆ ಸಾಕು.

ಬೈಪಾಸ್ ನಿಜಕ್ಕೂ ಏನು ತಗ್ಗಿಸುತ್ತದೆ

ಹೊಸ ಬೈಪಾಸಿಗಾಗಿ ಹೋರಾಡುವ ಮೊದಲು ವಾಹನ ಎಣಿಸಿ. ಇಲಾಖೆ ಮಾಡಿಸುವ ಎಣಿಕೆ ಏಳು ದಿನ, ದಿನಕ್ಕೆ 24 ಗಂಟೆ. ಊರಿನವರು ಒಂದು ಸಂತೆ ದಿನ, ಒಂದು ಮಾಮೂಲಿ ದಿನ, ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಎಣಿಸಿದರೂ ಚಿತ್ರ ಸಿಗುತ್ತದೆ. ಬೈಕು, ಕಾರು-ಆಟೊ, ಗೂಡ್ಸ್ ಟೆಂಪೊ, ಬಸ್ಸು, ಲಾರಿ, ಟ್ರ್ಯಾಕ್ಟರ್-ಟ್ರೇಲರ್ ಬೇರೆ ಬೇರೆ ಅಂಕಣದಲ್ಲಿ ಬರಲಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಹಳ್ಳಿಗಾಡು ಹೆದ್ದಾರಿ ಲೆಕ್ಕದಲ್ಲಿ ಒಂದೊಂದು ವಾಹನ ಎಷ್ಟು ಕಾರಿಗೆ ಸಮ ಎಂಬ ಅಂಕಿಯಿದೆ: ಕಾರು-ಆಟೊ 1, ಬೈಕು 0.5, ಟೆಂಪೊ 1.5, ಬಸ್ಸು-ಲಾರಿ 3, ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ 4.5. ಎಣಿಕೆಯನ್ನು ಇದರಿಂದ ಗುಣಿಸಿ ಕೂಡಿಸಿ: 100 ಲಾರಿ 300 ಆದರೆ 400 ಬೈಕು 200.

ಇನ್ನೂ ಮುಖ್ಯವಾದದ್ದು ಊರು ದಾಟಿ ಹೋಗುವವು ಎಷ್ಟು, ಊರಿಗೇ ಬರುವವು ಎಷ್ಟು ಎಂಬುದು. ಹೊಳಲ್ಕೆರೆ ರಸ್ತೆಯ ಬಾಯಲ್ಲಿ ಇಬ್ಬರು, ಚಳ್ಳಕೆರೆ ರಸ್ತೆಯ ಬಾಯಲ್ಲಿ ಇಬ್ಬರು ನಿಂತು ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಮತ್ತು ಹೊತ್ತು ದಾಖಲಿಸಬೇಕು. ಬರೆಯಲು ಹೋದರೆ ಕೈ ಸೋಲುತ್ತದೆ, ಮೊಬೈಲಿಗೆ ಹೇಳುತ್ತಾ ಹೋಗಿ. ಆ ತುದಿಯಲ್ಲಿ ಕಂಡ ನಂಬರು ಈ ತುದಿಯಲ್ಲಿ 40 ನಿಮಿಷದೊಳಗೆ ಕಂಡರೆ ದಾಟಿ ಹೋದದ್ದು; ಅದಕ್ಕಿಂತ ತಡವಾದರೆ ಊರಲ್ಲಿ ಕೆಲಸವಿದ್ದದ್ದು. 1,000 ವಾಹನದಲ್ಲಿ 200 ಮಾತ್ರ ತಾಳೆಯಾದರೆ ಬೈಪಾಸ್ ಐದರಲ್ಲಿ ಒಂದನ್ನಷ್ಟೇ ಹೊರಗೆ ಒಯ್ಯುತ್ತದೆ. ಉಳಿದ ನಾಲ್ಕು ಪಾಲಿನ ದಟ್ಟಣೆಗೆ ಕಾರಣ ಅಂಗಡಿ ಮುಂದೆ ಮಾಲು ಇಳಿಸುವುದು, ಎಲ್ಲೆಂದರಲ್ಲಿ ನಿಲ್ಲಿಸುವುದು. ಅದಕ್ಕೆ ಮದ್ದು ಲಾರಿಗಳಿಗೆ ಹೊತ್ತು ನಿಗದಿ ಮಾಡುವುದು, ಪೇಟೆಯ ಹೊರಗೆ ಲಾರಿ ನಿಲ್ದಾಣ. ಲಾರಿಗಳ ಲೆಕ್ಕವನ್ನು ಮಾತ್ರ ಪ್ರತ್ಯೇಕ ತೆಗೆಯಿರಿ. ಒಟ್ಟು ಲೆಕ್ಕದಲ್ಲಿ ಐದನೇ ಒಂದು ಪಾಲಿದ್ದರೂ ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾಟಿ ಹೋಗುವಂಥವೇ ಇರಬಹುದು. ಹಳೇ ಗೋಡೆ ಅದುರಿಸುವುದು ಲಾರಿಯೇ ಹೊರತು ಬೈಕಲ್ಲ.

ಗೆರೆ ಎಳೆಯುವ ಮುನ್ನ

ಡ್ರೋನ್ ಹಾರಿತು, ಹೊಲದಲ್ಲಿ ಗುರುತಿನ ಗೂಟ ಬಿತ್ತು ಎಂದರೆ ವಿವರ ಯೋಜನಾ ವರದಿ, ಅಂದರೆ ಡಿಪಿಆರ್, ಶುರುವಾಗಿದೆ ಎಂದರ್ಥ. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ಜಾಗ ಬೇಕು. ಕಿಲೋಮೀಟರಿಗೆ 6 ಹೆಕ್ಟೇರ್, ಸುಮಾರು 15 ಎಕರೆ. ಗೆರೆಯ ಪರ್ಯಾಯಗಳನ್ನು ಹೋಲಿಸುವ ವರದಿ ಈ ಹಂತದಲ್ಲೇ ಸಿದ್ಧವಾಗುತ್ತದೆ, ಬದಲಾವಣೆ ಸುಲಭವಾಗುವುದೂ ಇಲ್ಲೇ. ಹೆದ್ದಾರಿ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ (ಎನ್‌ಎಚ್‌ಎಐ) ಕೈಯಲ್ಲಿದೆಯೋ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿದೆಯೋ ಮೊದಲು ತಿಳಿದುಕೊಂಡು, ಮಾಹಿತಿ ಹಕ್ಕಿನಲ್ಲಿ ಆ ವರದಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಕಚೇರಿಯಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಊರ ಕಷ್ಟವನ್ನೆಲ್ಲ ಅದರಲ್ಲೇ ತೋಡಿಕೊಂಡರೆ ಅರ್ಜಿ ತಿರಸ್ಕಾರವಾಗುತ್ತದೆ. ‘ಬೈಪಾಸ್ ಗೆರೆಯ ಪರ್ಯಾಯಗಳ ಹೋಲಿಕೆ ಕೋಷ್ಟಕದ ಮತ್ತು ನಕ್ಷೆಯ ದೃಢೀಕೃತ ಪ್ರತಿ ಕೊಡಿ’ ಎಂಬಷ್ಟೇ ಇರಲಿ.

ನಕ್ಷೆ ಕೈಗೆ ಬಂದಮೇಲೆ ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಹಿಡಿದು ಗೆರೆಯ ಉದ್ದಕ್ಕೂ ನಡೆಯಿರಿ, ಎರಡೂ ಬದಿ 250 ಮೀಟರ್. ವೀರಗಲ್ಲು, ಮಾಸ್ತಿಕಲ್ಲು, ಶಾಸನ, ಹಳೇ ಬಾವಿ, ಹಾಳೂರಿನ ದಿಬ್ಬ, ಹೊಲದ ಬದುವಿನ ಗುಡಿ, ಏನೇ ಕಂಡರೂ ಸರ್ವೆ ನಂಬರು, ಅಕ್ಷಾಂಶ-ರೇಖಾಂಶ, ಫೋಟೊ. ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದ್ದು ಇದೇ ಜಿಲ್ಲೆಯ ನೆಲವನ್ನು. ದಿಬ್ಬವೆಂದರೆ ಬರೀ ಮಣ್ಣು ಎಂದು ಬಿಟ್ಟುಬಿಡಬೇಡಿ, ರಸ್ತೆ ಏರಿಗೆ ಮಣ್ಣು ತೆಗೆಯುವವರು ಮೊದಲು ಕೈಹಾಕುವುದೇ ದಿಬ್ಬಕ್ಕೆ.

ಕೆರೆಗೆ ನೀರು ತರುವ ಹಳ್ಳಗಳನ್ನೂ ಗುರುತಿಸಿ. ಮಳೆ ಕಡಿಮೆಯ ಸೀಮೆಯಲ್ಲಿ ಹಳ್ಳ ವರ್ಷದ ಬಹುಪಾಲು ಒಣಗಿರುತ್ತದೆ, ಸರ್ವೆಗೆ ಬಂದವರಿಗೆ ಅದು ಕಾಣುವುದೇ ಇಲ್ಲ. ಅಲ್ಲಿ ಮೋರಿ ಬಿಡದೆ ಏರಿ ಹಾಕಿದರೆ ಕೆಳಗಿನ ಕೆರೆ ಬರಿದಾಗುತ್ತದೆ, ಮೇಲಿನ ಹೊಲ ಮುಳುಗುತ್ತದೆ. ಅಂಡರ್‌ಪಾಸು ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗುವಷ್ಟು ಎತ್ತರವಿದೆಯೇ, ಅದರ ನೆಲದ ಮಟ್ಟ ಪಕ್ಕದ ಚರಂಡಿಗಿಂತ ಕೆಳಗಿಲ್ಲವೇ ನೋಡಿ. ಕೆಳಗಿದ್ದರೆ ಒಂದು ಮಳೆಗೆ ಈಜುಕೊಳ.

ಊರಿಗೆ ತೀರಾ ಹತ್ತಿರ ಎಳೆದ ಗೆರೆ ಕೆಲವೇ ವರ್ಷಗಳಲ್ಲಿ ಲೇಔಟುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೈಪಾಸಿಗೆ ನೇರ ಬಾಗಿಲು ತೆರೆಯುವ ಅಂಗಡಿ, ಪೆಟ್ರೋಲ್ ಬಂಕುಗಳಿಗೆ ಸರ್ವಿಸ್ ರಸ್ತೆಯಿಂದ ಮಾತ್ರ ದಾರಿ ಎಂದು ಮಹಾಯೋಜನೆಯಲ್ಲೇ ಬರೆಸಬೇಕು.

ನೋಟಿಸಿನ ದಿನಗಳು

ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರಲ್ಲಿ ಕಲಂ 3ಎ ಅಧಿಸೂಚನೆ ಎಂದರೆ ಜಮೀನು ಸ್ವಾಧೀನದ ಉದ್ದೇಶ ಪ್ರಕಟಿಸುವುದು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಒಂದು ಕನ್ನಡದ್ದು. ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನದೊಳಗೆ ಕಲಂ 3ಸಿ ಅಡಿ ತಕರಾರು. ಮನೆಮನೆಗೆ ನೋಟಿಸು ಬರಲಿ ಎಂದು ಕಾಯುತ್ತ ಕೂತು ಈ 21 ದಿನ ಕಳೆದುಕೊಳ್ಳುವವರೇ ಹೆಚ್ಚು. ತಕರಾರಿಗೆ ಹಕ್ಕಿರುವುದು ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ, ಆದ್ದರಿಂದ ಸಂಘದ ಲೆಟರ್‌ಹೆಡ್ಡಿನಲ್ಲಿ ಬೇಡ, ಮಾಲೀಕರ ಹೆಸರಲ್ಲೇ ಹಾಕಿ. ಬರಹ ಈ ಧಾಟಿಯಲ್ಲಿರಲಿ:

‘ಸರ್ವೆ ನಂ. — ರಲ್ಲಿರುವ ನನ್ನ ಮನೆಯ ಸ್ವಾಧೀನಕ್ಕೆ ಕಲಂ 3ಸಿ ಅಡಿ ಆಕ್ಷೇಪಿಸುತ್ತೇನೆ. ಮನೆಯ ಕಾಲ, ರಚನೆಗೆ ದಾಖಲೆ ಲಗತ್ತಿಸಿದೆ. ಗೆರೆಯನ್ನು — ಮೀಟರ್ ಉತ್ತರಕ್ಕೆ ಸರಿಸಿದರೆ ಸರ್ಕಾರಿ ಗೋಮಾಳದ ಮೂಲಕ ಹಾದುಹೋಗುತ್ತದೆ, ನಕ್ಷೆ ಲಗತ್ತಿಸಿದೆ. ಖುದ್ದು ವಿಚಾರಣೆಗೆ ಅವಕಾಶ ಕೋರುತ್ತೇನೆ.’

ಪರ್ಯಾಯ ತೋರಿಸದ ತಕರಾರು ‘ಸಾರ್ವಜನಿಕ ಹಿತದೃಷ್ಟಿಯಿಂದ ತಿರಸ್ಕರಿಸಿದೆ’ ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಪರ್ಯಾಯದ ತಿರುವು ಕೂಡ ವೇಗಕ್ಕೆ ಹೊಂದಬೇಕು: ಗಂಟೆಗೆ 100 ಕಿ.ಮೀ. ವಿನ್ಯಾಸಕ್ಕೆ ತ್ರಿಜ್ಯ ಸುಮಾರು 400 ಮೀಟರಿಗೆ ಕಡಿಮೆಯಾದರೆ ಎಂಜಿನಿಯರು ನೋಡಿದ ತಕ್ಷಣ ಬದಿಗಿಡುತ್ತಾರೆ. ಒಂದು ಮನೆ ತಪ್ಪಿಸಲು ಗೆರೆಯನ್ನು ಹಿಂದೆ-ಮುಂದೆ ಒಂದೆರಡು ಕಿಲೋಮೀಟರ್ ಸರಿಸಬೇಕಾದೀತು, ಅಷ್ಟುದ್ದಕ್ಕೂ ಯಾರ ಹೊಲ ಹೋಗುತ್ತದೆ ಎಂಬುದನ್ನೂ ನೋಡಿಕೊಂಡೇ ಬರೆಯಿರಿ. 3ಎ ಆದ ಒಂದು ವರ್ಷದೊಳಗೆ 3ಡಿ, ಅಂದರೆ ಸ್ವಾಧೀನದ ಘೋಷಣೆ, ಬರಬೇಕು. 3ಡಿ ಪ್ರಕಟವಾದ ದಿನ ಜಮೀನು ಕೇಂದ್ರ ಸರ್ಕಾರದ್ದಾಯಿತು. ಆಮೇಲೆ ಮಾತು ಹಣದ್ದು ಮಾತ್ರ.

ರಾಜ್ಯ ಹೆದ್ದಾರಿಗೆ 2013ರ ಭೂಸ್ವಾಧೀನ ಕಾಯ್ದೆ: ಕಲಂ 11ರ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಕಲಂ 15ರ ಆಕ್ಷೇಪಣೆ.

ಪರಿಹಾರದಲ್ಲಿ ಎಲ್ಲಿ ಜಾರುತ್ತದೆ

2015ರ ಜನವರಿ 1ರಿಂದ ರಾಷ್ಟ್ರೀಯ ಹೆದ್ದಾರಿಗೂ 2013ರ ಕಾಯ್ದೆಯ ಲೆಕ್ಕವೇ. ಮಾರುಕಟ್ಟೆ ಬೆಲೆ, ಗ್ರಾಮಾಂತರಕ್ಕೆ 1ರಿಂದ 2ರವರೆಗಿನ ಗುಣಕ, ಕಟ್ಟಡ-ಮರಗಳ ಬೆಲೆ, ಒಟ್ಟು ಮೊತ್ತದಷ್ಟೇ ಸಾಂತ್ವನ ಧನ. ಪರಂಪರೆಗೆ ಈ ಲೆಕ್ಕದಲ್ಲಿ ಅಂಕಣವಿಲ್ಲ. ಕೆತ್ತನೆಯ ಹಲಸಿನ ಕಂಬ ದರಪಟ್ಟಿಯಲ್ಲಿ ಸಿಗದು, ‘ಮಣ್ಣಿನ ಗೋಡೆ, ಹಳೇ ಮರ’ ಎಂದಾಗುತ್ತದೆ. ಜಂಟಿ ಅಳತೆಯ ದಿನ ಮನೆಯಲ್ಲಿದ್ದು, ಮರದ ಜಾತಿ, ಘನ ಅಡಿ, ಕಲ್ಲುಕಂಬದ ಎಣಿಕೆ ಮಹಜರಿಗೆ ಸೇರಿದ ಮೇಲೆಯೇ ಸಹಿ ಹಾಕಿ. ಬಾಗಿಲು, ಕಂಬ, ತೊಲೆ ಬಿಚ್ಚಿಕೊಂಡು ಹೋಗುವ ಅನುಮತಿ ಬರವಣಿಗೆಯಲ್ಲಿ ಕೇಳಿ. ಮೊತ್ತ ಒಪ್ಪಿಗೆಯಿಲ್ಲದಿದ್ದರೆ ‘ತಕರಾರು ಕಾಯ್ದಿರಿಸಿ ಸ್ವೀಕರಿಸಿದೆ’ ಎಂದು ಬರೆದು ಪಡೆದು, 3ಜಿ(5)ರ ಅಡಿ ಮಧ್ಯಸ್ಥಗಾರರ ಮುಂದೆ ಹೋಗಬಹುದು.

ಬೈಪಾಸ್ ಆದಮೇಲೆ ಹಳೇ ರಸ್ತೆ

ಬೈಪಾಸ್ ತೆರೆದಾಗ ಊರೊಳಗಿನ ಹೆದ್ದಾರಿ ತುಂಡು ರಾಷ್ಟ್ರೀಯ ಹೆದ್ದಾರಿಯ ಪಟ್ಟಿಯಿಂದ ಕೈಬಿಟ್ಟು ಲೋಕೋಪಯೋಗಿ ಇಲಾಖೆಗೋ ನಗರಸಭೆಗೋ ಬರುತ್ತದೆ. ಹಸ್ತಾಂತರಕ್ಕೆ ಮುನ್ನ ಒಂದು ಸಲದ ದುರಸ್ತಿಗೆ ಹಣ ಸಿಗುವುದುಂಟು. ಅಗಲೀಕರಣದ ಅಂದಾಜು ಪಟ್ಟಿ ತಲೆಯೆತ್ತುವುದು ಇದೇ ಹೊತ್ತಿನಲ್ಲಿ. ಲಾರಿ ಹೊರಗೆ ಹೋದಮೇಲೆ ಅಗಲ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ನೀವು ಮಾಡಿದ ಎಣಿಕೆಯಲ್ಲೇ ಇದೆ. ಆ ಹಣ ಚರಂಡಿ, ಫುಟ್‌ಪಾತ್, ನೆಲದಡಿಯ ತಂತಿಗೆ ಹೋಗಲಿ ಎಂದು ಆಗಲೇ ಬರೆದುಕೊಡಿ.

ಯಾರ ಕಣ್ಣಿಗೂ ಬೀಳದ ಇನ್ನೊಂದು ದಾರಿಯಿದೆ. ಮಹಾಯೋಜನೆಯಲ್ಲಿ ನಿಮ್ಮ ಬೀದಿಗೆ ಈಗಿರುವ 12 ಮೀಟರಿನ ಬದಲು 24 ಮೀಟರ್ ಎಂದು ಬರೆದಿದ್ದರೆ, ಮನೆ ಕಟ್ಟುವ ಪರವಾನಗಿಗೆ ಹೋದ ಪ್ರತಿಯೊಬ್ಬರೂ ಮುಂದಿನ ಜಾಗ ಬಿಟ್ಟು ಕಟ್ಟಬೇಕಾಗುತ್ತದೆ. ಹೀಗೆ ಒಂದೊಂದೇ ಮನೆಯ ಜಗಲಿ ಹೋಗಿ, ಬುಲ್ಡೋಜರ್ ಬಾರದೆಯೂ ಬೀದಿ ಬದಲಾಗುತ್ತದೆ. ಕರಡು ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ. ರಸ್ತೆ ಅಗಲದ ಪಟ್ಟಿ ವಲಯ ನಿಯಮಾವಳಿಯ ಪುಸ್ತಕದಲ್ಲಿ, ನಕ್ಷೆಯ ಹಾಳೆಯಲ್ಲಿ ಎರಡೂ ಕಡೆ ಇರುತ್ತದೆ. ಎರಡನ್ನೂ ತಾಳೆ ನೋಡಿ. ‘ಈ ಬೀದಿಯ ಅಗಲ ಈಗಿರುವಷ್ಟೇ ಇರಲಿ, ಪಾರಂಪರಿಕ ಪ್ರದೇಶವೆಂದು ಗುರುತಿಸಿ’ ಎಂದು ಬರೆದು ದಾಖಲೆ ಕಟ್ಟು ಜೋಡಿಸಿ. ಸಹಿ ಬೀದಿಯ ಎರಡೂ ಸಾಲಿನವರದ್ದು ಬೇಕು. ಒಂದು ಸಾಲಿನವರು ಮಾತ್ರ ಹಾಕಿದರೆ ಪ್ರಾಧಿಕಾರ ರಸ್ತೆಯ ಮಧ್ಯರೇಖೆಯನ್ನು ಇನ್ನೊಂದು ಸಾಲಿನ ಕಡೆ ತಳ್ಳಿ ಅಗಲ ಹಾಗೇ ಇಟ್ಟುಕೊಳ್ಳಬಹುದು.